ಲೆ ಶಾಂಬೋನಿನ ಬಾಗಿಲುಗಳು

ಗುರುತಿಲ್ಲದವನಿಗೆ ಬಾಗಿಲು ತೆರೆಯುವುದು ಸುಲಭವಾದ ಧರ್ಮವೆಂದು ನಾವು ಸಾಮಾನ್ಯವಾಗಿ ಎಣಿಸಿರುತ್ತೇವೆ. ದಾರಿಗನಿಗೆ ಒಂದು ಲೋಟ ಮಜ್ಜಿಗೆ, ಮಲಗಲು ಜಗಲಿಯ ಒಂದು ಮೂಲೆ, ಬೆಳಗಾದರೆ ಅವನು ಅವನ ಹಾದಿಯನ್ನು ಹಿಡಿಯುತ್ತಾನೆ. ತಿಥಿವಾರಗಳನ್ನು ನೋಡದೆ ಬರುವವನಾದುದರಿಂದಲೆ ಅವನು ಅತಿಥಿ ಎಂದು ನಮ್ಮ ಹಿರಿಯರು ಹೇಳಿದರು. ಆದರೆ ಬಂದವನು ಒಂದು ರಾತ್ರಿಗಲ್ಲ, ನಾಲ್ಕು ವರ್ಷಗಳಿಗೆ ಬಂದವನಾಗಿದ್ದರೆ? ಅವನ ಹಿಂದೆಯೇ ಪೋಲೀಸರೂ ಬರುವರೆಂದು ಮನೆಯವರಿಗೆ ಮೊದಲೇ ತಿಳಿದಿದ್ದರೆ? ಮನೆಯಲ್ಲಿರುವ ಆಲೂಗಡ್ಡೆ ಮನೆಯ ಮಕ್ಕಳಿಗೇ ಸಾಲದಾಗಿದ್ದರೆ? ಆಗ ಈ ಧರ್ಮ ಎಷ್ಟು ಮನೆಗಳಲ್ಲಿ ಉಳಿದೀತು ಎಂಬುದು ಕೇಳತಕ್ಕ ಪ್ರಶ್ನೆಯೇ ಸರಿ. ಫ್ರಾನ್ಸ್ ದೇಶದ ಒಂದು ಬೆಟ್ಟದ ಸೀಮೆಯ ರೈತರು ೧೯೪೦ರಿಂದ ೧೯೪೪ರವರೆಗೆ ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ವಾಚಕರ ಮುಂದೆ ಇಡಬೇಕೆಂದು ಈ ಲೇಖನ.

ಫ್ರಾನ್ಸಿನ ನಡುನಾಡಿನಿಂದ ತುಸು ತೆಂಕಣಕ್ಕೆ, ಲಿನ್ಯೋನ್ ಎಂಬ ಚಿಕ್ಕ ಹೊಳೆಯ ದಡದಲ್ಲಿ, ಸಮುದ್ರಮಟ್ಟದಿಂದ ಸುಮಾರು ಒಂದು ಸಾವಿರ ಮೀಟರು ಎತ್ತರದಲ್ಲಿ ಲೆ ಶಾಂಬೋನ್ ಎಂಬ ಊರಿದೆ. ಪೈನ್ ಮರದ ಕಾಡು, ಕಲ್ಲುಗೋಡೆಯ ಮನೆಗಳು, ತೆಳ್ಳನೆಯ ನೆಲ. ಚಳಿಗಾಲದಲ್ಲಿ 'ಬ್ಯುರ್ಲ್' ಎಂಬ ಉತ್ತರದ ಗಾಳಿ ಹಿಮವನ್ನು ಎತ್ತಿ ದಾರಿಗಳ ಮೇಲೆ ರಾಶಿ ಹಾಕುತ್ತದೆ. ಊರೂ ಸುತ್ತಣ ಹಳ್ಳಿಗಳೂ ಸೇರಿ ಆಗ ಸುಮಾರು ಮೂರು ಸಾವಿರ ಜನ. ಆ ಜನದ ಒಂದು ವಿಶೇಷವೇನೆಂದರೆ, ಕ್ಯಾಥೊಲಿಕರೇ ತುಂಬಿರುವ ಆ ದೇಶದಲ್ಲಿ ಇವರಲ್ಲಿ ಬಹುಪಾಲು ಪ್ರಾಟೆಸ್ಟಂಟರು, 'ಹ್ಯೂಗೆನಾಟ್' ಎಂದು ಚರಿತ್ರೆಯಲ್ಲಿ ಹೆಸರಾದ ಪಂಗಡದ ಸಂತತಿಯವರು.

ಇವರ ಹಿಂದಣ ಕಥೆಯನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗಲಾರದು. ೧೫೯೮ರಲ್ಲಿ ನಾಲ್ಕನೆಯ ಹೆನ್ರಿಯು ನಾಂಟ್ ಪಟ್ಟಣದಲ್ಲಿ ಹೊರಡಿಸಿದ ಶಾಸನ ಪ್ರಾಟೆಸ್ಟಂಟರಿಗೆ ತಮ್ಮ ಮತವನ್ನು ಆಚರಿಸಲು ಒಂದಿಷ್ಟು ಸ್ವಾತಂತ್ರ್ಯವನ್ನು ಕೊಟ್ಟಿತ್ತು. ಅವನ ಮೊಮ್ಮಗ ಹದಿನಾಲ್ಕನೆಯ ಲೂಯಿ ೧೬೮೫ರಲ್ಲಿ ಅದನ್ನು ರದ್ದು ಮಾಡಿದನು. ಅಲ್ಲಿಂದ ಒಂದು ನೂರು ವರ್ಷಗಳ ಕಾಲ ಇವರ ಮಂದಿರಗಳು ನೆಲಸಮವಾದುವು. ಬೋಧಕರಿಗೆ ಗಲ್ಲು, ಕೂಟಗಳಲ್ಲಿ ಸಿಕ್ಕಿಬಿದ್ದ ಗಂಡಸರಿಗೆ ರಾಜನ ಹಡಗುಗಳಲ್ಲಿ ಹುಟ್ಟು ಹಾಕುವ ಶಿಕ್ಷೆ, ಹೆಂಗಸರಿಗೆ ಸೆರೆ. ಇದೇ ಸೀಮೆಗೆ ಸೇರಿದ ವಿವಾರೆ ನಾಡಿನ ಮರೀ ದ್ಯುರಾನ್ ಎಂಬ ಹುಡುಗಿಯನ್ನು, ಅವಳ ಅಣ್ಣ ಗುಪ್ತಬೋಧಕನೆಂಬ ಕಾರಣದಿಂದ ೧೭೩೦ರಲ್ಲಿ ಹಿಡಿದು, ತೆಂಕಣ ಕಡಲ ಬಳಿಯ ಒಂದು ಗೋಪುರದಲ್ಲಿ ಕೂಡಿದರು. ಮತವನ್ನು ಬಿಟ್ಟೆನೆಂದು ಒಂದು ಮಾತು ಹೇಳಿದ್ದರೆ ಅವಳು ಮನೆಗೆ ಹೋಗಬಹುದಾಗಿತ್ತು. ಹೇಳಲಿಲ್ಲ. ಮೂವತ್ತೆಂಟು ವರ್ಷಗಳ ಮೇಲೆ, ೧೭೬೮ರಲ್ಲಿ, ಅವಳು ಹೊರಗೆ ಬಂದಳು. ಆ ಗೋಪುರದ ಕಲ್ಲಿನಲ್ಲಿ ಯಾರೋ ಕೊರೆದ 'ಎದುರಿಸಿ ನಿಲ್ಲು' ಎಂಬರ್ಥದ ಒಂದೇ ಪದ ಇಂದಿಗೂ ಕಾಣುತ್ತದೆ. ಕೊರೆದವಳು ಮರೀಯೇ ಎಂದು ಜನ ನಂಬುತ್ತಾರೆ.

ಅಂಥ ಕಾಲದಲ್ಲಿ ಲೆ ಶಾಂಬೋನಿನಂಥ ಬೆಟ್ಟದೂರುಗಳು ಬೋಧಕರನ್ನು ಅಟ್ಟದ ಮೇಲೆ, ಹುಲ್ಲುಮನೆಗಳಲ್ಲಿ, ಕಾಡಿನಲ್ಲಿ ಬಚ್ಚಿಡುವುದನ್ನು ಕಲಿತುವು. ಸರ್ಕಾರದ ಆಜ್ಞೆಯೇ ಬೇರೆ, ದೇವರ ಆಜ್ಞೆಯೇ ಬೇರೆ ಎಂಬುದು ಅಲ್ಲಿ ಅಜ್ಜಿಯಂದಿರು ಮೊಮ್ಮಕ್ಕಳಿಗೆ ಹೇಳುವ ಕಥೆಗಳಲ್ಲಿಯೇ ಬಂದ ವಿಷಯ. ಪುಸ್ತಕಗಳಿಂದ ತಂದುಕೊಂಡದ್ದಲ್ಲ. ಇದಕ್ಕೆ ಇನ್ನೊಂದನ್ನು ಸೇರಿಸಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸೇಂತ್ ಎತಿಯೆನ್ ಮೊದಲಾದ ಹೊಗೆ ತುಂಬಿದ ಪಟ್ಟಣಗಳ ಬಡಮಕ್ಕಳನ್ನು ಬೇಸಗೆಯಲ್ಲಿ ಒಳ್ಳೆಯ ಗಾಳಿಗಾಗಿ ಈ ಬೆಟ್ಟದ ರೈತರ ಮನೆಗಳಿಗೆ ಕಳುಹಿಸುವ ಏರ್ಪಾಡು ನಡೆದುಬಂದಿತ್ತು. ಪರರ ಮಕ್ಕಳನ್ನು ತಮ್ಮ ಮೇಜಿನ ಬಳಿ ಕೂರಿಸಿಕೊಳ್ಳುವುದು ಇವರಿಗೆ ಹೊಸದಾಗಿರಲಿಲ್ಲ. ಚಿಕ್ಕ ಹೋಟೆಲುಗಳೂ ವಸತಿಗೃಹಗಳೂ ಊರಿನಲ್ಲಿ ಅನೇಕವಿದ್ದುವು. ಚಳಿಗಾಲದಲ್ಲಿ ಅವು ಬರಿದಾಗಿಯೇ ಇರುತ್ತಿದ್ದುವು. ಸತ್ಕಾರ್ಯಗಳಿಗೂ ಖಾಲಿ ಕೋಣೆಗಳು ಬೇಕು. ಇದನ್ನು ಚರಿತ್ರಕಾರರು ಮರೆಯಬಾರದು.

೧೯೩೪ರಲ್ಲಿ ಈ ಊರಿಗೆ ಆಂದ್ರೆ ತ್ರೋಕ್ಮೆ ಎಂಬ ಬೋಧಕನು ಬಂದನು. ೧೯೦೧ರಲ್ಲಿ ಫ್ರಾನ್ಸಿನ ಉತ್ತರದ ಗಡಿಯ ಕಡೆ ಹುಟ್ಟಿದವನು. ತಾಯಿ ಜರ್ಮನ್ ವಂಶದವಳು. ಮೊದಲನೆಯ ಮಹಾಯುದ್ಧದಲ್ಲಿ ಅವನ ಊರು ಜರ್ಮನರ ವಶದಲ್ಲಿತ್ತು. ಯುದ್ಧವೆಂಬುದು ಯಾವ ಕಾರಣಕ್ಕೂ ಕ್ರಿಸ್ತನ ಅನುಯಾಯಿಗೆ ಸಲ್ಲದೆಂಬ ನಂಬಿಕೆ ಆ ಹುಡುಗತನದಲ್ಲಿಯೇ ಅವನಲ್ಲಿ ಬೇರೂರಿತು. ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಗ ಇಟಲಿಯ ಫ್ಲಾರೆನ್ಸಿನ ಮಗ್ದಾ ಎಂಬಾಕೆಯನ್ನು ಕಂಡು ಮದುವೆಯಾದನು. ಇಂಥ ಯುದ್ಧವಿರೋಧಿಯನ್ನು ದೊಡ್ಡ ಊರಿನ ಸಭೆಗಳು ಇಷ್ಟಪಡಲಿಲ್ಲವಾದುದರಿಂದಲೆ ಅವನು ಈ ಮೂಲೆಗೆ ಬಿದ್ದನೆಂದು ಹೇಳಬಹುದು. ೧೯೩೮ರಲ್ಲಿ ಅವನೂ ಅವನ ಮಿತ್ರ ಎದ್ವಾರ್ ಥೇಯ್ಸನೂ ಸೇರಿ ಒಂದು ಪ್ರೌಢಶಾಲೆಯನ್ನು ತೆರೆದರು. ಮೊದಲ ವರ್ಷ ಅದರಲ್ಲಿ ೧೮ ಜನ ವಿದ್ಯಾರ್ಥಿಗಳಿದ್ದರು.

೧೯೪೦ರ ಜೂನ್ ೨೨ರಂದು ಫ್ರಾನ್ಸ್ ಹಿಟ್ಲರನಿಗೆ ಶರಣಾಯಿತು. ಮಾರನೆಯ ದಿನ ಭಾನುವಾರ. ಮುದಿ ಮಾರ್ಷಲ್ ಪೆತೇನನ ಮಾತನ್ನು ಇಡೀ ದೇಶ ಕಣ್ಣೀರಿಟ್ಟು ಕೇಳುತ್ತಿದ್ದ ಆ ಹೊತ್ತಿನಲ್ಲಿ, ಲೆ ಶಾಂಬೋನಿನ ಪ್ರಾರ್ಥನಾಮಂದಿರದಲ್ಲಿ ಇಬ್ಬರು ಬೋಧಕರೂ ಸೇರಿ ಸಿದ್ಧಮಾಡಿದ್ದ ಉಪದೇಶವನ್ನು ಓದಲಾಯಿತು. ಅದರ ತಾತ್ಪರ್ಯವಿಷ್ಟು: ನಮ್ಮ ಅಂತಃಕರಣದ ಮೇಲೆ ಬಲಾತ್ಕಾರ ನಡೆದಾಗ ಅದನ್ನು ಆತ್ಮದ ಆಯುಧಗಳಿಂದ ಎದುರಿಸುವುದು ಕ್ರೈಸ್ತರ ಕರ್ತವ್ಯ; ಸುವಾರ್ತೆಗೆ ವಿರುದ್ಧವಾದ ವಿಧೇಯತೆಯನ್ನು ಬೇಡಿದವರಿಗೆ ಅದನ್ನು ಕೊಡಲಾರೆವು; ಹೆದರದೆ, ಅಹಂಕಾರಪಡದೆ, ದ್ವೇಷಿಸದೆ ಎದುರಿಸುವೆವು. ಯೆಹೂದ್ಯರ ಮಾತು ಅದರ ವಿಷಯವಾಗಿರಲಿಲ್ಲ. ಅವರು ಊರಿನ ಬಾಗಿಲಿಗೆ ಇನ್ನೂ ಬಂದಿರಲಿಲ್ಲ.

ಬಂದದ್ದು ಆ ಚಳಿಗಾಲದಲ್ಲಿ. ಒಂದು ಸಂಜೆ ಮಗ್ದಾ ಅಡಿಗೆಯ ಒಲೆಗೆ ಸೌದೆ ಒಟ್ಟುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಹಿಮದಲ್ಲಿ ನಡುಗುತ್ತ ಒಬ್ಬ ಹೆಂಗಸು ನಿಂತಿದ್ದಳು. ತಾನು ಜರ್ಮನಿಯಿಂದ ಓಡಿಬಂದ ಯೆಹೂದ್ಯಳೆಂದೂ, ಈ ಊರಿನಲ್ಲಿ ಒಬ್ಬ ಬೋಧಕರು ಇರುವರೆಂದು ಕೇಳಿ ಬಂದೆನೆಂದೂ ಹೇಳಿ, ಒಳಗೆ ಬರಬಹುದೆ ಎಂದು ಕೇಳಿದಳು. ಬನ್ನಿ, ಅದಕ್ಕೇನು ಕೇಳುವುದು, ಎಂದು ಮಗ್ದಾ ಒಳಗೆ ಕರೆದಳು. ಊಟವಿಕ್ಕಿದಳು. ನೆನೆದಿದ್ದ ಪಾದರಕ್ಷೆಗಳನ್ನು ಒಣಗಲೆಂದು ಒಲೆಯ ಬಿಸಿಗೆ ಇಟ್ಟಳು. ಆ ಬಳಿಕ, ಇಂಥವರಿಗೆ ಕಾಗದಪತ್ರಗಳು ಬೇಕಲ್ಲವೆ ಎಂದು ನೇರವಾಗಿ ಊರಿನ ಮೇಯರನ ಬಳಿಗೆ ಹೋದಳು. ಅವನಿಗೆ ಸಿಟ್ಟು ಬಂದಿತು. ಒಬ್ಬ ಪರದೇಶೀಯಳಿಗಾಗಿ ಇಡೀ ಊರಿನ ಫ್ರೆಂಚರನ್ನು ಅಪಾಯಕ್ಕೆ ಒಡ್ಡುವಿರೇನು, ನಾಳೆ ಬೆಳಗ್ಗೆಯೇ ಅವಳನ್ನು ಕಳುಹಿಸಿಬಿಡಿ, ಎಂದನು.

ಈ ಮೇಯರನನ್ನು ದುಷ್ಟನೆಂದು ಬಗೆಯುವುದು ಸುಲಭ. ಆದರೆ ಅವನ ಮಾತು ಲೋಕದ ಮಾತು. ಊರಿನ ಹೊಣೆ ಹೊತ್ತವರು ನೂರಕ್ಕೆ ತೊಂಬತ್ತು ಮಂದಿ ಆಡುವ ಮಾತೇ ಅದು. ತನ್ನವರನ್ನು ಕಾಯುವುದು ಅವನ ಧರ್ಮವೆಂದು ಅವನು ತಿಳಿದಿದ್ದನು. ಮಗ್ದಾಳಿಗೆ 'ತನ್ನವರು' ಎಂಬ ಪದದ ಎಲ್ಲೆಯೇ ಬೇರೆಯಾಗಿತ್ತು. ಅವಳು ಆ ದಿನ ಕಲಿತ ಪಾಠ ಮತ್ತೊಂದು: ಇಂಥ ಕೆಲಸದಲ್ಲಿ ಅಧಿಕಾರಿಗಳನ್ನು ಕೇಳಲೇಬಾರದು. ಮನೆಗೆ ಮರಳಿ ಬಂದು ನೋಡಿದರೆ ಒಲೆಯ ಬಿಸಿಗೆ ಆ ಹೆಂಗಸಿನ ಪಾದರಕ್ಷೆಗಳು ಸುಟ್ಟುಹೋಗಿದ್ದುವು. ಯುದ್ಧಕಾಲದಲ್ಲಿ ಚರ್ಮವೇ ಸಿಕ್ಕುತ್ತಿರಲಿಲ್ಲ, ಹೊರಗೆ ಹಿಮ. ಮಗ್ದಾ ಊರೆಲ್ಲ ತಿರುಗಿ ಒಂದು ಜೊತೆಯನ್ನು ಹುಡುಕಿ ತರಬೇಕಾಯಿತು. ತಾನಾಗಿ ಬಂದ ಆ ಮೊದಲನೆಯ ಅತಿಥಿಯನ್ನು ಬೇರೊಂದು ಕಡೆಗೆ ಕಳುಹಿಸಿಕೊಟ್ಟದ್ದು ಅವಳ ಮನಸ್ಸನ್ನು ಮುಂದೆ ಬಹುಕಾಲ ಕೊರೆಯಿತು.

ಇಷ್ಟರಲ್ಲಿ ವಿಷಿ ಪಟ್ಟಣದಲ್ಲಿ ನೆಲಸಿದ ಪೆತೇನನ ಸರ್ಕಾರವು, ಜರ್ಮನರ ಒತ್ತಾಯಕ್ಕೂ ಕಾಯದೆ, ೧೯೪೦ರ ಅಕ್ಟೋಬರಿನಲ್ಲಿಯೇ ಯೆಹೂದ್ಯರ ವಿರುದ್ಧ ಕಾಯಿದೆಗಳನ್ನು ಮಾಡಿತ್ತು. ಪರದೇಶಗಳ ಯೆಹೂದ್ಯರನ್ನು ವಿಚಾರಣೆಯಿಲ್ಲದೆ ಶಿಬಿರಗಳಲ್ಲಿ ಕೂಡಿಹಾಕಬಹುದಾಗಿತ್ತು. ಪಿರನೀಸ್ ಬೆಟ್ಟಗಳ ಬುಡದ ಗ್ಯುರ್ಸ್ ಎಂಬಲ್ಲಿ, ಕೆಸರಿನ ನಡುವೆ, ಹಲಗೆಯ ಕೊಟ್ಟಿಗೆಗಳಲ್ಲಿ ಸಾವಿರಾರು ಜನ ಹಸಿವಿನಿಂದಲೂ ಬೇನೆಯಿಂದಲೂ ನರಳುತ್ತಿದ್ದರು. ತ್ರೋಕ್ಮೆಯು ಅಲ್ಲಿ ಹೋಗಿ ಸೇವೆ ಮಾಡುವೆನೆಂದು ಮಾರ್ಸೇಲ್ಸಿಗೆ ಹೋಗಿ, ಅಮೆರಿಕದ ಕ್ವೇಕರ್ ಪಂಥದ ಬರ್ನ್ಸ್ ಚಾಮರ್ಸ್ ಎಂಬವನನ್ನು ಕಂಡನು. ಅವನು ಹೇಳಿದ್ದೇ ಬೇರೆ. ಶಿಬಿರದೊಳಗೆ ಕೆಲಸ ಮಾಡುವವರು ಇದ್ದಾರೆ. ಮಕ್ಕಳನ್ನು ಅಲ್ಲಿಂದ ಬಿಡಿಸಲೂ ಕೆಲವು ವೇಳೆ ಸಾಧ್ಯವಾಗುತ್ತದೆ. ಆದರೆ ಬಿಡಿಸಿದ ಮಕ್ಕಳನ್ನು ಇಟ್ಟುಕೊಳ್ಳಲು ಒಪ್ಪುವ ಊರು ಮಾತ್ರ ಸಿಕ್ಕುತ್ತಿಲ್ಲ. ನಿಮ್ಮದು ಅಂಥ ಊರಾಗಬಹುದೆ? ತ್ರೋಕ್ಮೆ ಮರಳಿ ಬಂದು ಸಭೆಯ ಹಿರಿಯರನ್ನು ಕೇಳಿದನು. ಅವರು ಒಪ್ಪಿದರು.

೧೯೪೧ರಿಂದ ಒಂದರ ಮೇಲೊಂದರಂತೆ ಮಕ್ಕಳ ಮನೆಗಳು ತೆರೆದುವು. ಸ್ವಿಸ್ ದೇಶದವರ ಸಹಾಯಸಂಘ, ಕ್ವೇಕರರು, ಸ್ವೀಡನ್ನಿನವರು, ಫ್ರಾನ್ಸಿನ ಪ್ರಾಟೆಸ್ಟಂಟ್ ಯುವಕರ 'ಸಿಮಾದ್' ಸಂಸ್ಥೆ, ಇವರೆಲ್ಲ ಹಣವನ್ನೂ ಜನರನ್ನೂ ಕೊಟ್ಟರು. ಹಿಂದೆ ಊರಿನ ಮೇಯರನಾಗಿದ್ದ ಶಾರ್ಲ್ ಗಿಯೋನನು ಜಿನೀವದಿಂದ ಹಣ ತರುವ ಹಾದಿಯನ್ನು ಮಾಡಿದನು. ಆದರೆ ಹಣವೊಂದರಿಂದ ಏನೂ ಆಗುತ್ತಿರಲಿಲ್ಲ. ದೊಡ್ಡವರನ್ನು ಇಟ್ಟುಕೊಂಡವರು ಸುತ್ತಣ ಒಂಟಿಮನೆಗಳ ರೈತರು. ಅವರಲ್ಲಿ ಅನೇಕರು ತ್ರೋಕ್ಮೆಯ ಸಭೆಗೂ ಸೇರದವರು. ಬೋಧಕರೆಂಬ ವರ್ಗವನ್ನೇ ಒಪ್ಪದೆ ಮನೆಯಲ್ಲಿ ಬೈಬಲನ್ನು ಓದಿಕೊಂಡು ಬಾಳುವ ಕಟ್ಟುನಿಟ್ಟಿನ ಡಾರ್ಬಿ ಪಂಥದವರು. ಬೈಬಲಿನ ಹಳೆಯ ಒಡಂಬಡಿಕೆಯನ್ನು ದಿನವೂ ಓದುವ ಅವರಿಗೆ ಯೆಹೂದ್ಯನೆಂದರೆ ಅಬ್ರಹಾಮನ ಮನೆಯವನು, ದೇವರು ಆರಿಸಿಕೊಂಡ ಜನಕ್ಕೆ ಸೇರಿದವನು. ಯೂರೋಪಿನಲ್ಲೆಲ್ಲ ಯೆಹೂದ್ಯನನ್ನು ಕ್ರಿಸ್ತನ ಹಗೆಯೆಂದು ಕರೆದ ಕ್ರೈಸ್ತರೂ ಇದೇ ಗ್ರಂಥವನ್ನು ಓದಿದವರೇ. ಗ್ರಂಥ ಒಂದೇ, ಓದು ಎರಡು! ಗುಟ್ಟಿನ ಪತ್ರಗಳಲ್ಲಿ ನಿರಾಶ್ರಿತರನ್ನು 'ಹಳೆಯ ಒಡಂಬಡಿಕೆ'ಗಳೆಂದು ಕರೆಯುವ ವಾಡಿಕೆಯೂ ಇತ್ತಂತೆ. ಇಷ್ಟು ಪ್ರತಿಗಳನ್ನು ಕಳುಹಿಸಿದ್ದೇನೆ, ಸ್ವೀಕರಿಸಬೇಕು, ಎಂದು.

೧೯೪೨ರ ಜುಲೈ ೧೬, ೧೭ರಂದು ಪ್ಯಾರಿಸ್ಸಿನಲ್ಲಿ ಫ್ರೆಂಚ್ ಪೋಲೀಸರೇ ಸುಮಾರು ಹದಿಮೂರು ಸಾವಿರ ಯೆಹೂದ್ಯರನ್ನು ಹಿಡಿದರು. ಅವರಲ್ಲಿ ನಾಲ್ಕು ಸಾವಿರಕ್ಕೆ ಮೇಲ್ಪಟ್ಟು ಮಕ್ಕಳು. ಆಗಸ್ಟಿನಲ್ಲಿ ವಿಷಿ ಸರ್ಕಾರದ ಯುವಜನಶಾಖೆಯ ಮುಖ್ಯಾಧಿಕಾರಿ ಲಾಮಿರಾನನು ಲೆ ಶಾಂಬೋನಿಗೆ ಸವಾರಿ ಬಂದನು. ಔತಣ ಬಡವಾಗಿತ್ತು, ಬಾವುಟಗಳಿರಲಿಲ್ಲ. ಪ್ರಾರ್ಥನೆಯಾದ ಮೇಲೆ ಶಾಲೆಯ ಕೆಲವರು ವಿದ್ಯಾರ್ಥಿಗಳು ಮುಂದೆ ಬಂದು ಅವನ ಕೈಗೆ ಒಂದು ಪತ್ರವನ್ನು ಕೊಟ್ಟರು. ಪ್ಯಾರಿಸ್ಸಿನಲ್ಲಿ ನಡೆದ ಘೋರವನ್ನು ಕೇಳಿದ್ದೇವೆ. ನಮ್ಮಲ್ಲಿ ಕೆಲವರು ಯೆಹೂದ್ಯರಿದ್ದಾರೆ. ಅವರಿಗೂ ನಮಗೂ ಭೇದವನ್ನು ನಾವು ಕಾಣೆವು. ಅವರನ್ನು ಒಯ್ಯಲು ಬಂದರೆ ಬಚ್ಚಿಡುತ್ತೇವೆ, ಎಂಬುದು ಅದರ ಸಾರ. ಬಚ್ಚಿಡುವವರು ಬಚ್ಚಿಟ್ಟಿದ್ದೇವೆಂದು ಮೊದಲೇ ಹೇಳುವುದು ಎಲ್ಲಿಯಾದರೂ ಉಂಟೆ ಎಂದು ವಾಚಕರು ಕೇಳಬಹುದು. ಇದು ಜಾಣತನವಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಜನರ ಪಾಡೇ ಹಾಗಿತ್ತು. ಸುಳ್ಳು ಹೇಳಬಾರದೆಂಬುದೂ ಅವರಿಗೆ ದೇವರ ಆಜ್ಞೆ, ನಿರಪರಾಧಿಯನ್ನು ಒಪ್ಪಿಸಬಾರದೆಂಬುದೂ ದೇವರ ಆಜ್ಞೆ. ಪ್ರಾಂತಾಧಿಕಾರಿಯು ಯೆಹೂದ್ಯರ ಪಟ್ಟಿಯನ್ನು ಕೇಳಿದಾಗ ತ್ರೋಕ್ಮೆಯು, ಯೆಹೂದ್ಯನೆಂದರೇನೋ ನಾವು ಅರಿಯೆವು, ನಮಗೆ ಮನುಷ್ಯರು ಮಾತ್ರ ಗೊತ್ತು, ಎಂಬ ಅರ್ಥದ ಉತ್ತರ ಕೊಟ್ಟನು.

ಎರಡು ವಾರಗಳಲ್ಲಿ ಪೋಲೀಸರು ದೊಡ್ಡ ಬಸ್ಸುಗಳನ್ನು ತಂದರು. ಯಾರೋ ಮುಂಚೆಯೇ ಎಚ್ಚರಿಕೆಯನ್ನು ಮುಟ್ಟಿಸಿದ್ದರು. ನಿರಾಶ್ರಿತರು ಆ ವೇಳೆಗೆ ಕಾಡು ಸೇರಿದ್ದರು. ಕೆಲವು ವಾರಗಳು ಮನೆಮನೆಯನ್ನೂ ಶೋಧಿಸಿ ಪೋಲೀಸರು ಹೊರಡುವಾಗ ಬಸ್ಸಿನಲ್ಲಿ ಬಹುಮಟ್ಟಿಗೆ ಒಬ್ಬನೇ ಒಬ್ಬ ಸೆರೆಯಾಳು ಕುಳಿತಿದ್ದನು. ತ್ರೋಕ್ಮೆಯ ಮಕ್ಕಳಲ್ಲೊಬ್ಬನು ಯುದ್ಧಕಾಲದಲ್ಲಿ ಚಿನ್ನದಂತಿದ್ದ ಒಂದು ಚಾಕೊಲೇಟಿನ ತುಂಡನ್ನು ಕಿಟಕಿಯಿಂದ ಅವನ ಕೈಗೆ ಕೊಟ್ಟನಂತೆ. ಅದನ್ನು ನೋಡಿ ಊರಿನವರೂ ತಮ್ಮಲ್ಲಿದ್ದುದನ್ನು ತಂದು ತಂದು ಕೊಟ್ಟರು. ಅವನ ಸುತ್ತ ಪೊಟ್ಟಣಗಳ ರಾಶಿಯೇ ಆಯಿತು. ಪೂರ್ತಿ ಯೆಹೂದ್ಯನಲ್ಲವೆಂದು ಕೆಲವು ದಿನಗಳಲ್ಲಿ ಅವನನ್ನು ಬಿಟ್ಟುಬಿಟ್ಟರು.

ಸುಳ್ಳಿನ ವಿಷಯ ಬಂದುದರಿಂದ ಇನ್ನೊಬ್ಬನನ್ನು ಹೇಳಬೇಕು. ಆಸ್ಕರ್ ರೊಸೋವ್ಸ್ಕಿ ಎಂಬ ಹದಿನೆಂಟು ವರ್ಷದ ಯೆಹೂದ್ಯ ಹುಡುಗ, ವೈದ್ಯನಾಗಬೇಕೆಂದಿದ್ದವನು, ಈ ಬೆಟ್ಟಕ್ಕೆ ಬಂದು ಒಬ್ಬ ರೈತನ ಮನೆಯಲ್ಲಿ ಕುಳಿತು ಖೋಟಾ ಗುರುತಿನ ಚೀಟಿಗಳನ್ನು ಸಾವಿರಗಟ್ಟಲೆ ಮಾಡಿಕೊಟ್ಟನು. ಅವನ ಮುದ್ರೆಗಳನ್ನೂ ಕಾಗದಗಳನ್ನೂ ರೈತನು ಜೇನುಗೂಡಿನ ಪೆಟ್ಟಿಗೆಗಳಲ್ಲಿ ಬಚ್ಚಿಡುತ್ತಿದ್ದನು. ಜೇನುಪೆಟ್ಟಿಗೆಗೆ ಕೈಹಾಕುವ ಪೋಲೀಸರು ಎಲ್ಲಿಯೂ ಇಲ್ಲ! ಬೋಧಕರಿಗೆ ಈ ಖೋಟಾ ಕೆಲಸ ಮನಸ್ಸಿಗೆ ಒಗ್ಗದ ವಿಷಯವಾಗಿಯೇ ಉಳಿಯಿತು, ಆದರೂ ತಡೆಯಲಿಲ್ಲ. ಜೀವವುಳಿಸುವ ಸುಳ್ಳನ್ನು ಪುಣ್ಯವೆಂದೇ ಕೊಂಡಾಡಿಬಿಡುವವರಿಗಿಂತ, ಅದನ್ನು ಆಡಬೇಕಾಗಿ ಬಂದುದಕ್ಕೆ ನೊಂದವರಲ್ಲಿ ನನಗೆ ಗೌರವ ಹೆಚ್ಚು. ರೊಸೋವ್ಸ್ಕಿಯು ಯುದ್ಧವಾದ ಮೇಲೆ ವೈದ್ಯನೇ ಆಗಿ, ೨೦೧೪ರಲ್ಲಿ ತೀರಿಕೊಂಡನು.

೧೯೪೨ರ ನವಂಬರಿನಲ್ಲಿ ಜರ್ಮನರು ಫ್ರಾನ್ಸಿನ ದಕ್ಷಿಣಭಾಗವನ್ನೂ ಆಕ್ರಮಿಸಿದರು. ೧೯೪೩ರ ಫೆಬ್ರವರಿ ೧೩ರಂದು ತ್ರೋಕ್ಮೆ, ಥೇಯ್ಸ್, ಊರಿನ ಶಾಲೆಯ ಮುಖ್ಯೋಪಾಧ್ಯಾಯ ದಾರ್ಸಿಸಾಕ್, ಈ ಮೂವರನ್ನು ಫ್ರೆಂಚ್ ಪೋಲೀಸರು ಹಿಡಿದರು. ಅವರು ಬಂದಾಗ ಬೋಧಕನು ಮನೆಯಲ್ಲಿರಲಿಲ್ಲ. ಬಂದು ಪೆಟ್ಟಿಗೆ ಕಟ್ಟುವವರೆಗೆ ಮಗ್ದಾ ಪೋಲೀಸರನ್ನೂ ಊಟಕ್ಕೆ ಕೂರಿಸಿದಳು. ಗಂಡನನ್ನು ಒಯ್ಯಲು ಬಂದವರಿಗೆ ಅನ್ನವಿಕ್ಕುವುದೆಂತು ಎಂದು ಮುಂದೆ ಯಾರೋ ಕೇಳಿದಾಗ, ಊಟದ ಹೊತ್ತು, ಮೇಜಿನ ಮೇಲೆ ಊಟವಿತ್ತು, ಅದರಲ್ಲಿ ದೊಡ್ಡದೇನು, ಎಂದುಬಿಟ್ಟಳು. ಊರಿನವರು ಸಾಲಾಗಿ ಬಂದು ಮೇಣದಬತ್ತಿ, ಸಾಬೂನು, ಮೀನಿನ ಡಬ್ಬಿ ಎಂದು ಸೆರೆಮನೆಗೆ ಬೇಕಾದುದನ್ನೆಲ್ಲ ಕೊಟ್ಟರು. ಒಂದು ತಿಂಗಳಾದ ಮೇಲೆ ಬಿಡುಗಡೆಯಾಗುವಾಗ ಪೆತೇನನ ಸರ್ಕಾರಕ್ಕೆ ವಿಧೇಯರಾಗಿರುವೆವೆಂಬ ಕಾಗದಕ್ಕೆ ರುಜು ಕೇಳಿದರು. ಇಬ್ಬರು ಬೋಧಕರೂ ಒಲ್ಲೆವೆಂದರು. ಆದರೂ ಮಾರನೆಯ ದಿನ ಬಿಟ್ಟರು.

ಎಲ್ಲವೂ ಹೀಗೆ ಸುಖವಾಗಿ ಮುಗಿಯಲಿಲ್ಲ. ತ್ರೋಕ್ಮೆಯ ಬಂಧುವಾದ ದಾನಿಯೆಲ್ ತ್ರೋಕ್ಮೆ ಎಂಬ ತರುಣ ಉಪಾಧ್ಯಾಯನು, ಹೃದಯದ ಬೇನೆಯುಳ್ಳವನು, ದೊಡ್ಡ ವಿದ್ಯಾರ್ಥಿಗಳ 'ರೋಷ್' ಎಂಬ ವಸತಿಗೃಹವನ್ನು ನೋಡಿಕೊಳ್ಳುತ್ತಿದ್ದನು. ೧೯೪೩ರ ಜೂನ್ ೨೯ರ ಬೆಳಗ್ಗೆ ಜರ್ಮನ್ ಪೋಲೀಸರು ಆ ಮನೆಯನ್ನು ಮುತ್ತಿದರು. ಅವನು ಆಗ ಬೇರೊಂದು ಮನೆಯಲ್ಲಿದ್ದನು. ಕಾಡಿಗೆ ಓಡಲು ಸಮಯವಿತ್ತು. ಓಡಲಿಲ್ಲ, ತನ್ನ ಹುಡುಗರ ಜೊತೆಗೆ ಇರಬೇಕೆಂದು ಹೋದನು. ಸುದ್ದಿ ತಿಳಿದು ಮಗ್ದಾ ಓಡಿ ಬಂದಾಗ ಅಲ್ಲಿ ಒಬ್ಬ ಸ್ಪೇನ್ ದೇಶದ ಹುಡುಗನಿದ್ದನು. ಹಿಂದೊಮ್ಮೆ ಲಿನ್ಯೋನ್ ಹೊಳೆಯಲ್ಲಿ ಮುಳುಗುತ್ತಿದ್ದ ಒಬ್ಬ ಜರ್ಮನ್ ಸಿಪಾಯಿಯನ್ನು ಅವನು ಈಜಿ ದಡಕ್ಕೆ ಎಳೆದಿದ್ದನು. ಮಗ್ದಾ ಊರಿನ ಹೋಟೆಲಿನಲ್ಲಿದ್ದ ಜರ್ಮನ್ ಸೈನ್ಯಾಧಿಕಾರಿಗಳ ಬಳಿಗೆ ಹೋಗಿ, ನೀವೇ ಬಂದು ಇದನ್ನು ಹೇಳಿ ಎಂದು ಒತ್ತಾಯಪಡಿಸಿದಳು. ಅವರು ಬಂದು ಹೇಳಿದರು. ಆ ಹುಡುಗನೊಬ್ಬನು ಉಳಿದನು. ಉಳಿದ ೧೮ ವಿದ್ಯಾರ್ಥಿಗಳನ್ನೂ ದಾನಿಯೆಲನನ್ನೂ ಒಯ್ದರು. ದಾನಿಯೆಲ್ ೧೯೪೪ರ ಏಪ್ರಿಲಿನಲ್ಲಿ ಪೋಲೆಂಡಿನ ಮೈದಾನೆಕ್ ಶಿಬಿರದಲ್ಲಿ ಸತ್ತನು. ವಿದ್ಯಾರ್ಥಿಗಳಲ್ಲಿಯೂ ಹಲವರು ಮರಳಲಿಲ್ಲ. ಊರಿನ ವೈದ್ಯ ಲೆ ಫೊರೆಸ್ತಿಯೆಯನ್ನು ೧೯೪೪ರ ಆಗಸ್ಟ್ ೨೦ರಂದು ಲಿಯೋನ್ ಪಟ್ಟಣದ ಬಳಿ ನೂರಕ್ಕೂ ಹೆಚ್ಚು ಸೆರೆಯಾಳುಗಳೊಡನೆ ಕೊಂದರು. ಫ್ರಾನ್ಸಿನ ಬಿಡುಗಡೆ ಆಗ ಕೆಲವೇ ದಿನಗಳ ದೂರದಲ್ಲಿತ್ತು.

ಒಟ್ಟು ಎಷ್ಟು ಜನ ಉಳಿದರು? ಐದು ಸಾವಿರವೆಂದು ಮೊದಲು ಬರೆದರು. ಅಷ್ಟಿರಲಾರದೆಂದು ಈಚಿನ ಚರಿತ್ರಕಾರರಲ್ಲಿ ಹಲವರ ಮತ. ಪಟ್ಟಿ ಇಟ್ಟಿದ್ದರೆ ಅದೇ ಜನರನ್ನು ಕೊಲ್ಲಿಸುತ್ತಿತ್ತು. ಹೀಗಾಗಿ ಈ ಲೆಕ್ಕ ಎಂದೂ ಪೂರ್ತಿಯಾಗಲಾರದು. ಇನ್ನೊಂದು ವಿವಾದವೂ ಉಂಟು. ೧೯೭೯ರಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ಫಿಲಿಪ್ ಹ್ಯಾಲಿ ಬರೆದ ಪುಸ್ತಕದಿಂದ ತ್ರೋಕ್ಮೆಯ ಹೆಸರು ಲೋಕದಲ್ಲೆಲ್ಲ ಹರಡಿತು. ಆ ಬೆಳಕಿನಲ್ಲಿ ಪಕ್ಕದ ಹಳ್ಳಿಗಳ ಬೋಧಕರೂ, ಕ್ಯಾಥೊಲಿಕರೂ, ಬಂದೂಕು ಹಿಡಿದು ಹೋರಾಡಿದವರೂ ಮರೆಗೆ ಸರಿದರೆಂದು ಅಲ್ಲಿಯವರೇ ನೊಂದುಕೊಂಡರು. ಆ ಆಕ್ಷೇಪ ನ್ಯಾಯವಾದುದೆಂದೇ ನನ್ನ ಎಣಿಕೆ. ಸಾವಿರಾರು ಜನ ಬಾಯಿಮುಚ್ಚಿಕೊಂಡಿದ್ದುದರಿಂದ ನಡೆದ ಕೆಲಸವನ್ನು ಒಬ್ಬನ ವಾಗ್ಮಿತೆಯಿಂದ ನಡೆಯಿತೆನ್ನುವುದು ಹೇಗೆ? ೧೯೭೧ರಲ್ಲಿ ಇಸ್ರೇಲಿನ ಯಾದ್ ವಾಷೆಮ್ ಸಂಸ್ಥೆ ತ್ರೋಕ್ಮೆಗೆ ಗೌರವವನ್ನು ಸಲ್ಲಿಸಲು ನಿಶ್ಚಯಿಸಿದಾಗ, ನನಗೊಬ್ಬನಿಗೇ ಏಕೆ, ಆ ರೈತರಿಗೇಕಿಲ್ಲ, ಎಂದು ಅವನೂ ಕೇಳಿದ್ದನು. ಆ ವರ್ಷವೇ ಜೂನಿನಲ್ಲಿ ಅವನು ತೀರಿಕೊಂಡನು. ೧೯೯೦ರಲ್ಲಿ ಅದೇ ಸಂಸ್ಥೆಯು ಲೆ ಶಾಂಬೋನ್ ಮತ್ತು ನೆರೆಯ ಹಳ್ಳಿಗಳ ಜನರೆಲ್ಲರಿಗೂ ಒಟ್ಟಾಗಿ ಗೌರವಪತ್ರವನ್ನು ಕೊಟ್ಟಿತು.

೧೯೪೪ರಲ್ಲಿ ಅದೇ ಊರಿನಲ್ಲಿ ನಿರಾಶ್ರಿತರ ಮಗನಾಗಿ ಹುಟ್ಟಿದ ಪಿಯೆರ್ ಸೋವಾಜ್ ಎಂಬವನು ಮುಂದೆ ಕ್ಯಾಮೆರಾ ಹಿಡಿದುಕೊಂಡು ಬಂದು ಮುದುಕರಾದ ರೈತರನ್ನು ಮಾತನಾಡಿಸಿದನು. ಏಕೆ ಮಾಡಿದಿರಿ ಎಂದು ಕೇಳಿದರೆ ಅವರು ಭುಜ ಕುಣಿಸಿ ಸುಮ್ಮನಾಗುತ್ತಿದ್ದರು. ಹೆಚ್ಚೆಂದರೆ, ಬಂದರು, ಇಟ್ಟುಕೊಂಡೆವು, ರೂಢಿ, ಎನ್ನುತ್ತಿದ್ದರು. ಊರಿನ ಪ್ರಾರ್ಥನಾಮಂದಿರದ ಬಾಗಿಲ ಮೇಲೆ, ಒಬ್ಬರನ್ನೊಬ್ಬರು ಪ್ರೀತಿಸಿರಿ ಎಂದು ಕೊರೆದಿದೆ. ಅದರ ಎದುರಿಗಿರುವ ಹಳೆಯ ಶಾಲೆಯ ಕಟ್ಟಡದಲ್ಲಿ ೨೦೧೩ರಲ್ಲಿ ಈ ಚರಿತ್ರೆಯ ಒಂದು ಸ್ಮಾರಕಶಾಲೆ ತೆರೆಯಿತು.

೨೦೨೦ರ ಕೊನೆಯಲ್ಲಿ ಫ್ರಾನ್ಸಿನ ಬೇರೊಂದು ಊರಿನಲ್ಲಿ ತೊಂಬತ್ತು ವರ್ಷದ ಒಬ್ಬ ಮುದುಕನು ಸತ್ತನು. ಅವನು ವಿಯೆನ್ನಾದಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ತಂದೆತಾಯಿಗಳೊಡನೆ ಶಿಬಿರದ ಕಷ್ಟವನ್ನು ಕಂಡು, ೧೯೪೩ರಲ್ಲಿ ಲೆ ಶಾಂಬೋನಿಗೆ ಬಂದು ಸೇರಿದ್ದನು. ಮುಂದೆ ಔಷಧಶಾಸ್ತ್ರವನ್ನು ಓದಿ, ಮದುವೆಯಾಗಿ, ಮಕ್ಕಳಿಲ್ಲದೆ, ಯಾರಿಗೂ ಏನನ್ನೂ ಹೇಳಿಕೊಳ್ಳದೆ ಬಾಳಿದನು. ಅವನ ಮರಣಶಾಸನವನ್ನು ತೆರೆದಾಗ ತನ್ನ ಸೊತ್ತನ್ನು, ಸುಮಾರು ಇಪ್ಪತ್ತು ಲಕ್ಷ ಯೂರೋಗಳನ್ನು, ಆ ಊರಿಗೆ ಬರೆದಿಟ್ಟಿದ್ದುದು ತಿಳಿಯಿತು. ಊರಿನ ಮಕ್ಕಳ ಓದಿಗೆ ಅದನ್ನು ಬಳಸಬೇಕೆಂಬುದು ಅವನ ಆಶಯವಾಗಿತ್ತು.